ಉಪ್ಪಾಗೆ ಹಣ್ಣಾಗುವ ತನಕ

ಆಷಾಢದ ಅಘನಾಶಿನಿ ಕಣಿವೆಯಲ್ಲಿ ಮಳೆ ಎರಡು ಸಲ ಬೀಳುತ್ತದೆ. ಮೊದಲು ಮೋಡದಿಂದ ಎಲೆಗೆ, ಆಮೇಲೆ ಎಲೆಯಿಂದ ನೆಲಕ್ಕೆ. ಮೋಡ ಸರಿದು ಅರ್ಧ ತಾಸಾದರೂ ಕಾಡಿನೊಳಗೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಕುಮಟಾದಿಂದ ಸಿದ್ದಾಪುರಕ್ಕೆ ಹತ್ತುವ ದೊಡ್ಡಮನೆ ಘಟ್ಟದ ರಸ್ತೆ ಬಿಟ್ಟು ಬದಿಯ ಕಾಲುದಾರಿಗೆ ಇಳಿದರೆ ಹತ್ತು ಹೆಜ್ಜೆಗೆ ಬೆಳಕು ಕುಗ್ಗುತ್ತದೆ, ಇಪ್ಪತ್ತು ಹೆಜ್ಜೆಗೆ ಬಸ್ಸಿನ ಸದ್ದು ಅಡಗುತ್ತದೆ, ಮೂವತ್ತನೆಯ ಹೆಜ್ಜೆಗೆ ಮೊದಲ ಉಂಬಳ ಕಾಲುಚೀಲ ಹತ್ತಿರುತ್ತದೆ. ಕೊಳೆತ ಎಲೆ, ಅಣಬೆ, ಒದ್ದೆ ತೊಗಟೆ ಸೇರಿದ ವಾಸನೆ. ನೆಲದಲ್ಲಿ ಹಳದಿ ಹಣ್ಣಿನ ಹುಳಿ ಕಂಪು. ತಲೆಯೆತ್ತಿದರೆ ಕಾಣುವುದು ಹಸಿರು ಮಾತ್ರ. ಒಂದು ಮರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲಾಗದಷ್ಟು ಒತ್ತಾದ ಹಸಿರು.

ಟಪ್ಪೆಂದು ಏನೋ ಬೀಳುತ್ತದೆ. ಅರ್ಧ ಕಚ್ಚಿ ಬಿಟ್ಟ ಹಣ್ಣು. ಹಿಂದೆಯೇ ಇನ್ನೊಂದು, ಮತ್ತೊಂದು. ಮೂವತ್ತು ಮೀಟರ್ ಮೇಲೆ ಕೊಂಬೆಯೊಂದು ಬಾಗಿ ಮೇಲೇಳುತ್ತದೆ, ನೀರು ಸಿಡಿಯುತ್ತದೆ. ಎಲೆಗಳ ಸಂದಿಯಿಂದ ಒಂದು ಮುಖ ಕೆಳಗೆ ನೋಡುತ್ತದೆ: ಕಪ್ಪು ಮೋರೆ, ಅದರ ಸುತ್ತ ಬೂದು ಬಿಳಿಯ ದಟ್ಟ ಕೇಸರ, ಕಂದು ಕಣ್ಣು. ಹಿಂದೆ ತುದಿಗೆ ಕುಚ್ಚು ಕಟ್ಟಿದ ಬಾಲ. ಸಿಂಗಳೀಕ. ಅದು ನಮ್ಮನ್ನು ನೋಡುತ್ತದೆ, ನಾವು ತಿನ್ನುವ ವಸ್ತುವಲ್ಲ, ತಿನ್ನುವ ವಸ್ತುವಿಗೆ ಅಡ್ಡಿಯೂ ಅಲ್ಲ ಎಂದು ತೀರ್ಮಾನಿಸಿ ಮತ್ತೆ ಹಣ್ಣಿಗೆ ಕೈ ಹಾಕುತ್ತದೆ. ಹೆಣ್ಣೊಂದರ ಹೊಟ್ಟೆಗೆ ಮರಿ ಅವುಚಿಕೊಂಡಿದೆ. ಅದಕ್ಕಿನ್ನೂ ಕೇಸರ ಮೂಡಿಲ್ಲ, ಕಿವಿ ಮಾತ್ರ ದೊಡ್ಡದಾಗಿ ಕಾಣುತ್ತದೆ. ದೂರದಲ್ಲಿ ದೊಡ್ಡ ಗಂಡೊಂದು 'ಹೂ... ಹೂ...' ಎಂದು ಕೂಗಿ ಇಡೀ ಕಣಿವೆಗೆ ತನ್ನ ಗುಂಪಿನ ವಿಳಾಸ ತಿಳಿಸುತ್ತದೆ.

ಕೆಳಗೆ, ಹೊಳೆಗೇರಿನ ಮರಕ್ಕೆ ತಾಗದಂತೆ ಎಚ್ಚರದಿಂದ ನಿಂತ ಇಬ್ಬರು. ಒಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಹೊದೆಸಿದ ಟಿಪ್ಪಣಿ ಪುಸ್ತಕ, ಕೊರಳಲ್ಲಿ ದುರ್ಬೀನು. ಇನ್ನೊಬ್ಬರು ಪಕ್ಕದ ಊರಿನವರು; ಸೊಂಟಕ್ಕೆ ಕತ್ತಿ, ತಲೆಗೆ ಕೊಪ್ಪೆ. ಗುಂಪು ಇಳಿಜಾರಿನತ್ತ ಸರಿದಾಗ ಪುಸ್ತಕದವರು ಅವಸರದಿಂದ ಹೆಜ್ಜೆಯಿಡುತ್ತಾರೆ. ಕೊಪ್ಪೆಯವರು ತಡೆಯುತ್ತಾರೆ: "ಸರ, ನಿಲ್ಲಿ. ಆ ಬದಿಗೆ ಮರ ಇಲ್ಲ. ತಿರುಗಿ ಬತ್ತವೆ." ಅವು ತಿರುಗಿ ಬರುತ್ತವೆ. ಗಂಟೆ, ಮರದ ಹೆಸರು, ತಿಂದದ್ದು ಹಣ್ಣೋ ಚಿಗುರೋ ಹುಳುವೋ, ಯಾರ ಪಕ್ಕ ಯಾರು ಕೂತರು ಎಲ್ಲವೂ ಪುಸ್ತಕಕ್ಕೆ ಏರುತ್ತದೆ. ಬೆಳಗಾಗುವ ಮೊದಲು ಮಂಗ ಮಲಗಿದ ಮರದ ಬುಡಕ್ಕೆ ಬಂದವರು ಅದು ಮತ್ತೆ ಮಲಗುವ ತನಕ ಬೆನ್ನು ಬಿಡುವಂತಿಲ್ಲ. ಕಾಡುಮಂಗವನ್ನು ಓದುವ ವಿದ್ಯೆ ಅಂದರೆ ಹೆಚ್ಚಿನ ಪಾಲು ಇಷ್ಟೇ: ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುವುದು.

ಕೊಂಬೆಯೇ ದಾರಿ

ಸಿಂಗಳೀಕ ಪಶ್ಚಿಮ ಘಟ್ಟದ್ದು ಮಾತ್ರ. ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ. ತಮಿಳುನಾಡಿನ ದಕ್ಷಿಣ ತುದಿಯ ಬೆಟ್ಟಗಳಿಂದ ಕೇರಳ, ಕೊಡಗು, ಕುದುರೆಮುಖ, ಆಗುಂಬೆಯ ಕಾಡುಗಳನ್ನು ಹಾದು ಬರುವ ಅದರ ನೆಲೆ ಇಲ್ಲಿ, ಶರಾವತಿ ಮತ್ತು ಅಘನಾಶಿನಿಯ ನಡುವಿನ ಬೆಟ್ಟಗಳಲ್ಲಿ, ಉತ್ತರದ ಕೊನೆ ಮುಟ್ಟುತ್ತದೆ. ಎಲ್ಲ ಸೇರಿದರೂ ಕಾಡಿನಲ್ಲಿ ಉಳಿದಿರುವುದು ನಾಲ್ಕು ಸಾವಿರಕ್ಕಿಂತ ಕಡಿಮೆ ಎಂಬುದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಅಂದಾಜು. ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿ ಹುಲಿಯ ಜೊತೆಗೇ ಅದಕ್ಕೂ ಜಾಗವಿದೆ.

ಊರಿನ ಮಂಗ ಹಾಗಲ್ಲ. ತೋಟ, ದೇವಸ್ಥಾನ, ಬಸ್ ನಿಲ್ದಾಣ ಎಲ್ಲವೂ ಅದಕ್ಕೆ ಒಗ್ಗುತ್ತದೆ. ಬಾಳೆಗೊನೆ, ಎಳನೀರು, ಏಲಕ್ಕಿ ಕಳೆದುಕೊಂಡ ರೈತ ಮಂಗನ ಕಾಟ ಎಂದು ಹಲುಬುವುದು ಅದರ ಕುರಿತೇ. ಮುಸುವವೂ ಹೇಗೋ ಬದುಕಿಕೊಳ್ಳುತ್ತದೆ. ಸಿಂಗಳೀಕ ಮಾತ್ರ ನೆಲಕ್ಕೆ ಇಳಿಯುವುದು ಅಪರೂಪ. ಅದರ ಊಟ, ನಿದ್ದೆ, ಜಗಳ, ಹೆರಿಗೆ ಎಲ್ಲವೂ ಮೇಲೆಯೇ. ಒಂದು ಗುಂಪಿಗೆ ವರ್ಷವಿಡೀ ಹೊಟ್ಟೆ ತುಂಬಲು ಹಲವು ಚದರ ಕಿಲೋಮೀಟರ್ ಕಾಡು ಬೇಕು. ಆ ಕಾಡಿನ ಮರಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಅಗಲವಾದ ರಸ್ತೆ ಬಂದರೆ, ವಿದ್ಯುತ್ ತಂತಿಗೆಂದು ಒಂದು ಪಟ್ಟಿ ಬೋಳಾದರೆ, ಆಚೆಯ ಹಣ್ಣು ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ. ಹೆರುವುದೂ ನಿಧಾನ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಐದಾರು ವರ್ಷ ದಾಟಿರುತ್ತದೆ, ಆಮೇಲೆಯೂ ಒಂದು ಮರಿಗೂ ಇನ್ನೊಂದಕ್ಕೂ ಎರಡು ಮೂರು ವರ್ಷದ ಅಂತರ. ಒಮ್ಮೆ ಕಡಿಮೆಯಾದರೆ ತುಂಬಿಕೊಳ್ಳಲು ತಲೆಮಾರುಗಳೇ ಬೇಕು.

ದಕ್ಷಿಣದ ಕಾಡುಗಳಲ್ಲಿ ಸಿಂಗಳೀಕವನ್ನು ಓದಿದವರು ಅದರ ಊಟವನ್ನು ಕುಲ್ಲೇನಿಯ ಎಂಬ ಒಂದು ಮರದ ಜೊತೆ ಕಟ್ಟಿದ್ದರು. ಮುಳ್ಳುಕಾಯಿ ಬಿಡುವ ಆ ಮರ ಇಲ್ಲದ ಕಡೆ ಸಿಂಗಳೀಕವೂ ಇರಲಾರದು ಎಂಬಷ್ಟು ಗಾಢವಾದ ನಂಟು ಅದು. ಅಘನಾಶಿನಿ ಕಣಿವೆಯಲ್ಲಿ ಕುಲ್ಲೇನಿಯ ಇಲ್ಲ. ಇಲ್ಲಿಯ ಗುಂಪುಗಳು ಬೇರೆ ಊಟ ಕಲಿತಿವೆ: ಅತ್ತಿ, ಬಸರಿ ಜಾತಿಯ ಹಣ್ಣುಗಳು, ಹೆಬ್ಬಲಸು, ನೇರಳೆ, ಬೈನೆ, ಹೊಳೆಗೇರು, ರಾಮಪತ್ರೆ. ಮನುಷ್ಯರ ಚರ್ಮಕ್ಕೆ ಸೊನೆ ತಾಗಿದರೆ ಬೊಬ್ಬೆ ಏಳಿಸುವ ಹೊಳೆಗೇರನ್ನು ಅವು ಲೀಲಾಜಾಲವಾಗಿ ತಿನ್ನುತ್ತವೆ. ನಡುವೆ ತೊಗಟೆ ಕಿತ್ತು ಹುಳ, ಬಸವನಹುಳು, ಮರಗಪ್ಪೆ. ಮತ್ತು ಮಳೆಗಾಲದ ಉದ್ದಕ್ಕೂ, ಎಲ್ಲಕ್ಕಿಂತ ಆಸೆಯಿಂದ, ಉಪ್ಪಾಗೆ. ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ದೂರದ ಕೊಂಬೆಯಲ್ಲಿ ಕೂತು ಬೀಜ ಉಗುಳುವ ಈ ಮಂಗ ತನ್ನ ಮೊಮ್ಮಕ್ಕಳ ಊಟವನ್ನು ತಾನೇ ಬಿತ್ತುತ್ತ ಸಾಗುತ್ತದೆ.

ಎಣಿಸಿದವರು

ಮಂಗಗಳ ಅಧ್ಯಯನಕ್ಕೆ ಕರ್ನಾಟಕ ಹೊಸ ನೆಲವಲ್ಲ. 1961ರಲ್ಲೇ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದ ಸುತ್ತಿನ ಕಾಡಿನಲ್ಲಿ ಮುಸುವಗಳ ಹಿಂದೆ ನಡೆದಿದ್ದರು. ಹೊಸದಾಗಿ ಗುಂಪು ಗೆದ್ದ ಗಂಡು ಹಳೆಯ ಯಜಮಾನನ ಮರಿಗಳನ್ನು ಕೊಲ್ಲುವುದನ್ನು ಅವರು ಅಲ್ಲಿ ದಾಖಲಿಸಿ ಪ್ರಾಣಿವರ್ತನೆಯ ಲೋಕವನ್ನೇ ಬೆಚ್ಚಿಬೀಳಿಸಿದರು. ಎಪ್ಪತ್ತರ ದಶಕದಲ್ಲಿ ಸ್ಟೀವನ್ ಗ್ರೀನ್ ಮತ್ತು ಕರೆನ್ ಮಿಂಕೋವ್‌ಸ್ಕಿ ತಮಿಳುನಾಡಿನ ದಕ್ಷಿಣ ಬೆಟ್ಟಗಳಲ್ಲಿ ಸಿಂಗಳೀಕವನ್ನು ಹಿಂಬಾಲಿಸಿದರು. ಅದೇ ಕಾಲಕ್ಕೆ ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟಿನ ವಿರುದ್ಧ ಎದ್ದ ಚಳವಳಿಗೆ ಈ ಮಂಗದ ಮುಖವೇ ಗುರುತಾಯಿತು. ಯೋಜನೆ ನಿಂತು 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಆಗೆಲ್ಲ ಉತ್ತರ ಕನ್ನಡದ ಸಿಂಗಳೀಕಗಳ ಲೆಕ್ಕ ಯಾರ ಪುಸ್ತಕದಲ್ಲೂ ಸರಿಯಾಗಿ ಇರಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದಲ್ಲಿ ಕೂತು ಮಂಗಗಳ ಮನಸ್ಸನ್ನು ಓದುತ್ತಿದ್ದ ಮೇವಾ ಸಿಂಗ್ ಮತ್ತು ಅವರ ಶಿಷ್ಯ ಎಚ್.ಎನ್. ಕುಮಾರ ರಾಜ್ಯದ ಮಳೆಕಾಡುಗಳನ್ನು ಒಂದೊಂದಾಗಿ ನಡೆದು ಎಣಿಸಿದರು. ಪಂಜಾಬಿನಿಂದ ಬಂದು ಮೈಸೂರನ್ನೇ ಮನೆ ಮಾಡಿಕೊಂಡ ಸಿಂಗ್ ದಶಕಗಳ ಕಾಲ ದಕ್ಷಿಣ ಭಾರತದ ಮಂಗಗಳ ಹಿಂದೆ ಇದ್ದವರು. 2017ರಲ್ಲಿ ಕೇರಳದಲ್ಲಿ ಸಿಕ್ಕ ಹೊಸ ಇರುಳುಗಪ್ಪೆಯೊಂದಕ್ಕೆ ಅವರ ಹೆಸರಿಟ್ಟಿದ್ದಾರೆ. ಕುಮಾರ ಮುಂದೆ ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ವಿಜ್ಞಾನಿಯಾದರು. 2004ರಲ್ಲಿ ಪ್ರಕಟವಾದ ಅವರಿಬ್ಬರ ಸಮೀಕ್ಷೆ ಹೇಳಿದ ಸಂಗತಿ ಬಲ್ಲವರನ್ನೂ ಅಚ್ಚರಿಗೊಳಿಸಿತು. ಶಿರಸಿ–ಹೊನ್ನಾವರದ ಬೆಟ್ಟಗಳಲ್ಲಿ, ಯಾವ ಅಭಯಾರಣ್ಯದ ಹಂಗೂ ಇಲ್ಲದ ಮಾಮೂಲಿ ಮೀಸಲು ಅರಣ್ಯದಲ್ಲಿ, 32 ಗುಂಪುಗಳಿದ್ದವು. ಒಂದೇ ಹರವಿನ ಕಾಡಿನಲ್ಲಿ ಇಷ್ಟು ಸಿಂಗಳೀಕ ಇರುವ ಜಾಗ ಬೇರೆಡೆ ಸಿಗುವುದು ಕಷ್ಟ.

ಅದು ಹೇಗೆ ಉಳಿಯಿತು? ಉತ್ತರದ ಒಂದು ಎಳೆ ದೇವರ ಕಾಡುಗಳಾದ ಕಾನುಗಳಲ್ಲಿದೆ. ಹೊನ್ನಾವರದಿಂದ ಜೋಗಕ್ಕೆ ಹೋಗುವ ಹೆದ್ದಾರಿ ಗೇರುಸೊಪ್ಪೆ ದಾಟಿ ಮಲೆಮನೆ ಘಟ್ಟ ಹತ್ತಿದ ಮೇಲೆ ಕತ್ತಲೆಕಾನು ಸಿಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಸಂಜೆ. ತಗ್ಗಿನಲ್ಲಿ ನೀರು ಹರಿದೂ ಹರಿಯದ ಹಾಗೆ ನಿಂತ ರಾಮಪತ್ರೆ ಜಡ್ಡಿ. ಮಣ್ಣಿನೊಳಗೆ ಉಸಿರು ಸಿಗದ ಬೇರುಗಳು ಮೇಲೆದ್ದು, ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿದಿವೆ. ಕುಮಟಾದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಷ್ ಚಂದ್ರನ್ ಈ ಜಡ್ಡಿಗಳನ್ನು ಮೊಣಕಾಲು ಕೆಸರಿನಲ್ಲಿ ನಡೆದು ಓದಿದರು. ದೂರದ ದಕ್ಷಿಣ ಕೇರಳಕ್ಕಷ್ಟೇ ಸೀಮಿತ ಎಂದುಕೊಂಡಿದ್ದ ಮರಗಳು ಇಲ್ಲಿಯೂ ಇವೆಯೆಂದು ತೋರಿಸಿದರು. 2000ದಲ್ಲಿ ಹೊಸದಾಗಿ ಹೆಸರು ಪಡೆದ ಗೇರಿನ ಕುಲದ ಮರವೊಂದರ ಶಾಸ್ತ್ರೀಯ ಹೆಸರಿನಲ್ಲಿ ಕತ್ತಲೆಕಾನೇ ಸೇರಿಕೊಂಡಿದೆ. 2014ರಲ್ಲಿ ಗುರುತಿಸಿದ ಕುಂಬಾರ ಕಪ್ಪೆಯೂ ಇಲ್ಲಿಯದೇ. ಕೋಲಿಗೆ ಅಂಟಿದ ಮೊಟ್ಟೆಗೆ ಗಂಡು ಕಪ್ಪೆ ಮುಂಗೈಯಿಂದ ಕೆಸರು ಮೆತ್ತುತ್ತದೆ.

ಕುಮರಿ ಬೇಸಾಯ ಮಾಡುತ್ತಿದ್ದ ಕರಿ ಒಕ್ಕಲಿಗರು ಬೆಟ್ಟದ ಮೈ ಕಡಿದು ಸುಟ್ಟು ರಾಗಿ ಬಿತ್ತಿದರೂ ದೇವರಿಗೆಂದು ಬಿಟ್ಟ ಕಾನಿಗೆ ಕೊಡಲಿ ಹಾಕಲಿಲ್ಲ ಎಂಬುದನ್ನು ಸುಭಾಷ್ ಚಂದ್ರನ್ ಮತ್ತು ಮಾಧವ ಗಾಡ್ಗೀಳ್ ಬರೆದು ತೋರಿಸಿದ್ದಾರೆ. ಬ್ರಿಟಿಷರು ಕುಮರಿಯನ್ನೂ ನಿಲ್ಲಿಸಿದರು, ಕಾನನ್ನೂ ಸರ್ಕಾರದ್ದು ಮಾಡಿದರು. ಕಾಡಿನ ಜೊತೆ ಊರಿಗಿದ್ದ ಹಳೆಯ ಕರಾರು ಅಲ್ಲಿಗೆ ಹರಿಯಿತು. ಮುಂದಿನ ನೂರು ವರ್ಷ ದಿಮ್ಮಿಯ ಕಾಲ, ಆಮೇಲೆ ತೇಗದ ನೆಡುತೋಪಿನ ಕಾಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿ ನಿಂತರು. ಪಾಂಡುರಂಗ ಹೆಗಡೆ ಮುಂದಾಳಾಗಿದ್ದ ಆ ಅಪ್ಪಿಕೋ ಚಳವಳಿ ಸಿಂಗಳೀಕದ ಹೆಸರು ಹೇಳಿಕೊಂಡು ಹುಟ್ಟಿದ್ದಲ್ಲ. ಆದರೆ ಹಸಿ ಮರ ಕಡಿಯುವ ಕೊಡಲಿ ಆಗ ತಗ್ಗದೇ ಹೋಗಿದ್ದರೆ ಇಪ್ಪತ್ತು ವರ್ಷದ ಮೇಲೆ ಎಣಿಸಲು ಬಂದವರಿಗೆ 32 ಗುಂಪು ಸಿಗುತ್ತಿರಲಿಲ್ಲ.

ಬುಟ್ಟಿಯ ಪಾಲು

ಜುಲೈಯ ಕಾಡಿನಲ್ಲಿ ಮಂಗದ ಹಿಂದೆ ನಡೆದವರಿಗೆ ಬೇಗನೇ ಇನ್ನೊಂದು ಗುಂಪು ಎದುರಾಗುತ್ತದೆ. ಕಂಬಳಿಕೊಪ್ಪೆ, ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು, ಗಂಡಸರು, ಶಾಲೆಗೆ ರಜೆ ಸಿಕ್ಕ ಮಕ್ಕಳು. ಕೈಯಲ್ಲಿ ದೋಟಿ, ಬೆನ್ನಿಗೆ ಚೀಲ. ಅವರೂ ಕತ್ತೆತ್ತಿ ನೋಡುತ್ತ ನಡೆಯುವವರು, ಅವರು ಹುಡುಕುವುದೂ ಅದೇ ಮರ. ಉಪ್ಪಾಗೆ ಇಲ್ಲಿಯ ಅಡುಗೆಮನೆಗೆ ಹೊಸದಲ್ಲ. ಒಣಗಿಸಿದ ಸಿಪ್ಪೆ ಸಾರಿಗೆ ಹುಳಿ, ಬೀಜದಿಂದ ತೆಗೆದ ತುಪ್ಪ ದೋಸೆಗೆ, ಒಡೆದ ಹಿಮ್ಮಡಿಗೆ. ಮನೆಗೆ ಬೇಕಾದಷ್ಟು ತಂದು, ಉಳಿದದ್ದನ್ನು ಕಾಡಿಗೆ ಬಿಡುವ ಕಾಲ ಅದಾಗಿತ್ತು.

ತೊಂಬತ್ತರ ದಶಕದಲ್ಲಿ ಲೆಕ್ಕ ತಲೆಕೆಳಗಾಯಿತು. ಉಪ್ಪಾಗೆ ಸಿಪ್ಪೆಯಲ್ಲಿರುವ ಆಮ್ಲವೊಂದು ಮೈಯ ಬೊಜ್ಜು ಇಳಿಸುತ್ತದೆ ಎಂಬ ಸುದ್ದಿ ಪಶ್ಚಿಮದ ದೇಶಗಳ ಮಾತ್ರೆ ಅಂಗಡಿಗಳಲ್ಲಿ ಹಬ್ಬಿತು. ಎಲ್ಲೋ ಯಾರೋ ಸಪೂರಾಗಬೇಕೆಂದು ಬಯಸಿದ್ದಕ್ಕೆ ಸಿದ್ದಾಪುರ, ಕುಮಟಾ, ಹೊನ್ನಾವರದ ಕಾಡಂಚಿನ ಮನೆಗಳಲ್ಲಿ ಒಲೆ ಹಗಲಿರುಳು ಉರಿಯತೊಡಗಿತು. ಮಳೆಯಲ್ಲಿ ಕೂಲಿ ಇಲ್ಲದ ಕಾಲಕ್ಕೆ ಕೈಗೆ ದುಡ್ಡು. ಯಾರಿಗೆ ಬೇಡ? ಒಂದು ಮರ ಹಣ್ಣಾಗುವ ತನಕ ಕಾದರೆ ಬೇರೆಯವರು ಕೊಯ್ದುಕೊಂಡು ಹೋಗುತ್ತಾರೆ. ಹಾಗಾಗಿ ಕಾಯಿ ಇರುವಾಗಲೇ ಕೊಯ್ಯುವುದು. ದೋಟಿಗೆ ಎಟುಕದಿದ್ದರೆ ಕೊಂಬೆಯನ್ನೇ ಕಡಿಯುವುದು. ಹಸಿ ಸಿಪ್ಪೆ ಮಳೆಗಾಲದಲ್ಲಿ ಬಿಸಿಲಿಗೆ ಒಣಗುವುದಿಲ್ಲ, ಅಟ್ಟದ ಮೇಲೆ ಹರವಿ ಕೆಳಗೆ ಬೆಂಕಿ ಹಾಕಬೇಕು. ಆ ಬೆಂಕಿಗೆ ಸೌದೆ ಬರುವುದೂ ಅದೇ ಕಾಡಿನಿಂದ. ಹೀಗೆ ಒಂದು ಹಣ್ಣಿನ ಸುತ್ತ ಮೂರು ನಷ್ಟ: ಮಂಗದ ಊಟ ಹೋಯಿತು, ಮುಂದಿನ ವರ್ಷ ಹಣ್ಣು ಬಿಡುವ ಕೊಂಬೆ ಹೋಯಿತು, ಸುತ್ತಲಿನ ಮರ ಒಲೆಗೆ ಹೋಯಿತು.

ಕುಮಾರ ಅವರ ತಂಡದ ಸಂಶೋಧಕ ಕೆ. ಸಂತೋಷ್ ಈ ಕಾಡಿನ ಒಂದು ಗುಂಪನ್ನು ಬಹುಕಾಲ ಹಿಂಬಾಲಿಸಿ, ಯಾವ ತಿಂಗಳು ಯಾವ ಹಣ್ಣು, ಮಂಗ ಎತ್ತ ಸರಿಯಿತು, ಮನುಷ್ಯರು ಯಾವಾಗ ಕೊಯ್ದರು ಎಂಬ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. ಮಂಗದ ದಿನಚರಿ ಬರೆಯಲು ಹೋದ ಪುಸ್ತಕದಲ್ಲಿ ಮನುಷ್ಯರ ಸುಗ್ಗಿಯ ಪಂಚಾಂಗವೂ ಸೇರಿಕೊಂಡಿತು. ಸೇರದೇ ವಿಧಿಯಿರಲಿಲ್ಲ. ಒಂದು ಕಾಡುಪ್ರಾಣಿಯನ್ನು ಸಾಕಷ್ಟು ಕಾಲ ನೋಡಿದವರು ಕೊನೆಗೆ ಅದರ ನೆರೆಯವರ ಮನೆಯ ಅಂಗಳಕ್ಕೆ ಬಂದೇ ಬರುತ್ತಾರೆ.

ಜಗತ್ತಿನ ಅತಿ ಹೆಸರಾದ ವಾನರ ಅಧ್ಯಯನವೂ ಇದೇ ದಾರಿ ಹಿಡಿಯಿತು. 1960ರ ಜುಲೈಯಲ್ಲಿ ಟಾಂಜಾನಿಯಾದ ಗೊಂಬೆ ಕಾಡಿಗೆ ಇಳಿದ ಜೇನ್ ಗುಡಾಲ್ ಚಿಂಪಾಂಜಿಗಳು ಕಡ್ಡಿಯನ್ನು ಸಲಕರಣೆ ಮಾಡಿಕೊಂಡು ಗೆದ್ದಲು ಹಿಡಿಯುವುದನ್ನು ಕಂಡರು. 1986ರ ನಂತರ ಅವರು ಕಾಡಿನಲ್ಲಿ ಕೂರಲಿಲ್ಲ, ಕಾಡಿನ ಪರವಾಗಿ ಊರೂರು ತಿರುಗಿದರು. ಗೊಂಬೆಯ ಸುತ್ತಲಿನ ಬೆಟ್ಟಗಳು ಬೋಳಾಗಿದ್ದವು, ಅಲ್ಲಿಯ ಹಳ್ಳಿಗರು ಬಡವರಾಗಿದ್ದರು. 1994ರಲ್ಲಿ ಅವರು ಆ ಹಳ್ಳಿಗಳ ಜೊತೆಗೇ ಕೆಲಸ ಆರಂಭಿಸಿದರು, ಚಿಂಪಾಂಜಿ ಉಳಿಯಬೇಕಾದರೆ ಹಳ್ಳಿ ನೆಮ್ಮದಿಯಾಗಿರಬೇಕು ಎಂದು. 2025ರ ಅಕ್ಟೋಬರ್ 1ರಂದು, 91ರ ವಯಸ್ಸಿನಲ್ಲಿ, ಭಾಷಣದ ಪ್ರವಾಸದ ನಡುವೆಯೇ ಅವರು ತೀರಿಕೊಂಡರು. ಅಷ್ಟು ದೊಡ್ಡ ಒಂದು ಹೆಸರು ಅಘನಾಶಿನಿಗೆ ಇಲ್ಲ. ಇಲ್ಲಿ ಆ ಕೆಲಸವನ್ನು ಹಲವರು ತುಂಡುತುಂಡಾಗಿ ಹಂಚಿಕೊಂಡು ಮಾಡಿದ್ದಾರೆ: ಎಣಿಸುವವರು, ಜಡ್ಡಿ ಅಗೆದು ನೋಡುವವರು, ಮೆರವಣಿಗೆ ಹೊರಡಿಸುವವರು, ಕಡತ ಹಿಡಿದು ಬೆಂಗಳೂರಿಗೆ ಅಲೆಯುವವರು, ಮತ್ತು ದೋಟಿ ಹಿಡಿದು ಕಾದು ನಿಲ್ಲುವವರು.

ಒಕ್ಕಲೆಬ್ಬಿಸದ ರಕ್ಷಣೆ

ಕಡತ ಹಿಡಿದವರಲ್ಲಿ ಅನಂತ ಹೆಗಡೆ ಅಶೀಸರ ಒಬ್ಬರು. ಬೇಡ್ತಿ ಅಣೆಕಟ್ಟಿನ ವಿರೋಧದ ಕಾಲದಿಂದ ಪರಿಸರ ಹೋರಾಟದಲ್ಲಿ ಬೆಳೆದ ಅವರು ರಾಜ್ಯದ ಪಶ್ಚಿಮ ಘಟ್ಟ ಕಾರ್ಯಪಡೆಯ ಅಧ್ಯಕ್ಷರಾದಾಗ ವಿಜ್ಞಾನಿಗಳ ಲೆಕ್ಕಕ್ಕೆ ಸರ್ಕಾರದ ಬಾಗಿಲು ಸಿಕ್ಕಿತು. 2011ರ ಜೂನ್‌ನಲ್ಲಿ ಶಿರಸಿ ಮತ್ತು ಹೊನ್ನಾವರ ಅರಣ್ಯ ವಿಭಾಗಗಳ 299.52 ಚದರ ಕಿಲೋಮೀಟರ್ ಕಾಡು 'ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು' ಎಂದು ಘೋಷಣೆಯಾಯಿತು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದಾಗ ಹುಟ್ಟಿದ ಹೊಸ ಬಗೆಯ ರಕ್ಷಣೆ ಇದು. ಅಭಯಾರಣ್ಯ ಎಂದ ಕೂಡಲೇ ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಈ ಕಣಿವೆಯ ಪ್ರತಿ ಮನೆಯಲ್ಲಿದೆ. ಸಂರಕ್ಷಣಾ ಮೀಸಲಿನಲ್ಲಿ ಜನರ ಹಕ್ಕು ಅಲುಗುವುದಿಲ್ಲ, ಸ್ಥಳೀಯರೂ ಸೇರಿದ ಸಮಿತಿ ಅದನ್ನು ನೋಡಿಕೊಳ್ಳಬೇಕು.

ಅದು ಇಲ್ಲಿಗೆ ಹೊಂದುವ ಕ್ರಮವೂ ಹೌದು. ಕಾಡು ಮತ್ತು ಊರಿನ ನಡುವೆ ಗೆರೆ ಎಳೆಯಲು ಹೊರಟವರಿಗೆ ಈ ಕಣಿವೆಯಲ್ಲಿ ಗೆರೆ ಎಲ್ಲಿ ಎಳೆಯಬೇಕೆಂದೇ ತಿಳಿಯುವುದಿಲ್ಲ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಅಡಿಕೆ ತೋಟ. ತೋಟದ ಮೇಲೆ ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಕಾಲದಲ್ಲೇ ಕೊಟ್ಟಿದ್ದಾರೆ. ಬೆಟ್ಟದ ಮೇಲೆ ಕಾನು. ಕಾನಿನಿಂದ ಇಳಿಯುವ ನೀರು ಬೆಟ್ಟದ ಎಲೆ ತೊಳೆದು ತೋಟದ ಕಾಲುವೆಗೆ ಬೀಳುತ್ತದೆ. ತೋಟದವರ ನೀರೂ ಸಿಂಗಳೀಕದ ಹಣ್ಣೂ ಒಂದೇ ಬೇರಿನವು.

ಮಾತುಕತೆ ಅಲ್ಲಿಂದ ಶುರುವಾಯಿತು. ಗ್ರಾಮ ಅರಣ್ಯ ಸಮಿತಿಗಳ ಸಭೆಗಳಲ್ಲಿ ಚಾಪೆ ಹಾಸಿ ಕೂತು ಆಡಿದ ಮಾತುಗಳು ಸರಳ. ಹಣ್ಣಾದ ಮೇಲೆ ಕೊಯ್ಯೋಣ. ಕೊಂಬೆ ಕಡಿಯುವುದು ಬೇಡ. ಮೇಲಿನ ಕೊಂಬೆಗಳದ್ದು ಮೇಲಿನವರಿಗೆ ಇರಲಿ. ಹಣ್ಣಾದ ಉಪ್ಪಾಗೆಯ ಸಿಪ್ಪೆ ದಪ್ಪ, ತೂಕ ಹೆಚ್ಚು, ಬೀಜವೂ ಬಲಿತಿರುತ್ತದೆ ಎಂಬುದು ಕೊಯ್ಯುವವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದೇ ಇದ್ದದ್ದು, ಪಕ್ಕದ ಊರಿನವರೂ ಕಾಯುತ್ತಾರೆಯೇ ಎಂಬುದು. ಅಷ್ಟು ನಂಬಿಕೆ ಹುಟ್ಟಿಸುವುದೇ ಸಂರಕ್ಷಣೆಯ ಕಷ್ಟದ ಕೆಲಸ. ದುರ್ಬೀನಿನಲ್ಲಿ ಅದು ಕಾಣುವುದಿಲ್ಲ. ಕಡಿಮೆ ಸೌದೆಯಲ್ಲಿ ಸಿಪ್ಪೆ ಒಣಗಿಸುವ ಒಲೆಗಳು ಬಂದವು. ಹೊನ್ನಾವರದ ಕಾಸರಕೋಡಿನ ಸ್ನೇಹಕುಂಜ ಸಂಸ್ಥೆ ಜಡ್ಡಿಯ ಸುತ್ತಲಿನ ಊರುಗಳ ಜೊತೆ ಸೇರಿ ಹಾಳಾದ ಜಡ್ಡಿಗಳಲ್ಲಿ ರಾಮಪತ್ರೆಯ ಸಸಿ ಊರುವ ಕೆಲಸ ಕೈಗೆತ್ತಿಕೊಂಡಿತು.

ಎಲ್ಲ ಕಡೆ ಎಲ್ಲರೂ ಕಾಯುತ್ತಾರೆ ಎಂದಲ್ಲ. ಸಿಪ್ಪೆಗೆ ದರ ಏರಿದ ವರ್ಷ ಮಾತು ಸಡಿಲವಾಗುತ್ತದೆ, ದರ ಬಿದ್ದ ವರ್ಷ ತಾನಾಗಿ ಗಟ್ಟಿಯಾಗುತ್ತದೆ. ಮಂಗನ ಕಾಯಿಲೆಯ ನೆರಳೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿದ ಆ ಜ್ವರ ಉಣುಗಿನಿಂದ ಹರಡಿ ಹೊನ್ನಾವರ, ಸಿದ್ದಾಪುರದವರೆಗೂ ಬಂದಿದೆ. ಬೇಸಗೆಯಲ್ಲಿ ಕಾಡಿನಲ್ಲಿ ಸತ್ತ ಮಂಗ ಕಂಡರೆ ಊರು ನಡುಗುತ್ತದೆ. ಅಂಥ ಊರಿನಲ್ಲಿ ನಿಂತು ಮಂಗ ಉಳಿಸಿ ಎನ್ನಬೇಕಾದವರಿಗೆ ಮೊದಲು ಲಸಿಕೆ, ಉಣುಗು, ಆಸ್ಪತ್ರೆಯ ಮಾತು ಆಡಲು ಬರಬೇಕು.

ಕೆಳಗಿನ ನೀರು

ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿದ ಅಘನಾಶಿನಿ ಹೊಳೆ ಅಲ್ಲಿಂದ ಕೆಳಗೆ ಬೇರೆಯೇ ಸ್ವಭಾವದ್ದು. ಉಪ್ಪಿನಪಟ್ಟಣ, ಮಿರ್ಜಾನ್, ದೀವಗಿ ದಾಟುವಾಗ ಅದಕ್ಕೆ ಅವಸರವಿಲ್ಲ. ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಅಳಿವೆಯಾಗಿ ಹರಡುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಕಾಲಿನಲ್ಲಿ ತಡವಿ ಬಳಚು ಹೆಕ್ಕುತ್ತಾರೆ. ಗಜನಿಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ. ಕಾಂಡ್ಲದ ಬೇರಿನಲ್ಲಿ ಏಡಿ. ಬಳಚು ಬೆಳೆಯಲು ಉಪ್ಪು ಮತ್ತು ಸಿಹಿ ನೀರು ತಕ್ಕ ಹದದಲ್ಲಿ ಕೂಡಬೇಕು. ಆ ಸಿಹಿನೀರನ್ನು ಬೇಸಗೆಯವರೆಗೂ ಸ್ವಲ್ಪ ಸ್ವಲ್ಪವಾಗಿ ಬಿಡುವುದು ಮೇಲಿನ ಜಡ್ಡಿಗಳು, ಕಾನುಗಳು. ಅಘನಾಶಿನಿಗೆ ಒಂದೂ ಅಣೆಕಟ್ಟಿಲ್ಲ. ತದಡಿಯಲ್ಲಿ 4000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ಬಂದಾಗ ಮೀನುಗಾರರೂ ಗಜನಿಯ ರೈತರೂ ಘಟ್ಟದ ಮೇಲಿನ ತೋಟಿಗರೂ ಒಟ್ಟಾಗಿ ಎದ್ದರು, ಯೋಜನೆ ಹಿಂದೆ ಸರಿಯಿತು. 2024ರ ಜನವರಿಯಲ್ಲಿ ಈ ಅಳಿವೆ ಜೌಗುನೆಲಗಳ ಜಾಗತಿಕ ರಾಮ್ಸರ್ ಪಟ್ಟಿಗೆ ಸೇರಿತು. ಬಳಚು ಹೆಕ್ಕುವ ಹೆಂಗಸು ಸಿಂಗಳೀಕವನ್ನು ಬದುಕಿನಲ್ಲಿ ಒಮ್ಮೆಯೂ ನೋಡಿರಲಿಕ್ಕಿಲ್ಲ. ಆದರೂ ಇಬ್ಬರ ಊಟವೂ ಒಂದೇ ಕಾಡಿನ ಮೇಲೆ ನಿಂತಿದೆ.

ದಕ್ಷಿಣದ ನೆರೆಯ ಹೊಳೆಯ ಕಥೆ ಬೇರೆ. ಶರಾವತಿ ಲಿಂಗನಮಕ್ಕಿಯಿಂದ ಗೇರುಸೊಪ್ಪೆಯವರೆಗೆ ಅಣೆಕಟ್ಟಿನ ಮೆಟ್ಟಿಲು ಇಳಿಯುವ ನದಿ. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಅಘನಾಶಿನಿ ಮೀಸಲನ್ನೂ ನಡುವಿನ ಕಾಡುಗಳನ್ನೂ ಸೇರಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಮಂಗದ ದೃಷ್ಟಿಯಿಂದ ಒಳ್ಳೆಯದೇ. ಎರಡು ಕಣಿವೆಯ ಗುಂಪುಗಳ ನಡುವಿನ ಹಾದಿಗೆ ಕಾನೂನಿನ ಬಲ ಸಿಕ್ಕಿತು. ಜನರ ಹಕ್ಕನ್ನು ಮುಟ್ಟದ ಮೀಸಲು ಹೋಗಿ ಬಿಗಿಯಾದ ಅಭಯಾರಣ್ಯ ಬಂದದ್ದಕ್ಕೆ ಕಾಡಂಚಿನ ಊರುಗಳಲ್ಲಿ ಅಳುಕು ಮೂಡಿದ್ದೂ ಸಹಜವೇ.

ಇದೇ ಅಭಯಾರಣ್ಯದ ಹೊಟ್ಟೆಯೊಳಗೆ ಈಗ ಸುರಂಗ ಕೊರೆಯುವ ಯೋಜನೆ ಬಂದಿದೆ. ತಳಕಳಲೆ ಜಲಾಶಯ ಮೇಲೆ, ಗೇರುಸೊಪ್ಪೆಯದು ಕೆಳಗೆ; ರಾತ್ರಿಯೋ ಮಧ್ಯಾಹ್ನವೋ ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2000 ಮೆಗಾವಾಟ್ ಪಡೆಯುವ ಪಂಪ್ಡ್ ಸ್ಟೋರೇಜ್. ಎತ್ತಲು ಬೇಕಾಗುವ ವಿದ್ಯುತ್ ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಬಿಸಿಲು, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇದು ಬೇಕು ಎನ್ನುವುದು ಸರ್ಕಾರದ ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ವಿದ್ಯುದಾಗಾರ ನೆಲದಡಿಯಲ್ಲಿ ಇದ್ದರೂ ಅಲ್ಲಿಗೆ ಹೋಗುವ ರಸ್ತೆ, ಅಗೆದ ಮಣ್ಣು, ತಂತಿಯ ಸಾಲು ನೆಲದ ಮೇಲೆಯೇ ಇರುತ್ತವೆ. ಸಾವಿರಾರು ಮರಗಳು ಉರುಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ಗೇರುಸೊಪ್ಪೆಯ ಅಹವಾಲು ಸಭೆಯಲ್ಲಿ ಜನ ಎದ್ದು ನಿಂತು ಬೇಡ ಎಂದರು. ಅವರ ಮಾತಿನಲ್ಲಿ ಸಿಂಗಳೀಕ ಇತ್ತು, ಕುಸಿಯುವ ಗುಡ್ಡ ಇತ್ತು, ಹೊನ್ನಾವರಕ್ಕೆ ಇಳಿಯುವ ನೀರು ಇತ್ತು.

ಕಾಡಿನಲ್ಲಿ ಹುಟ್ಟಿದ ಒಂದು ತಿಳಿವಳಿಕೆ ಆ ಸಭೆಯನ್ನೂ ಮುಟ್ಟಬೇಕಿತ್ತು. ಇಪ್ಪತ್ತು ವರ್ಷ ಮಂಗದ ಹಿಂದೆ ನಡೆದವರು ಕಂಡುಕೊಂಡದ್ದು ದೊಡ್ಡ ಸೂತ್ರವೇನಲ್ಲ. ಕೊಂಬೆಗೆ ಕೊಂಬೆ ತಾಗಿರಲಿ, ಹಣ್ಣಾಗುವ ಮೊದಲು ಕೊಯ್ಯಬೇಡಿ, ಎಲ್ಲವನ್ನೂ ಒಬ್ಬರೇ ಒಯ್ಯಬೇಡಿ. ದಿನಗೂಲಿಯ ಹೆಂಗಸಿಗೆ ಇದನ್ನು ಹೇಳಿದೆವು. ಅವಳು ಮಳೆಯಲ್ಲಿ ನೆನೆಯುತ್ತ, ಒಂದು ವಾರದ ಸಂಪಾದನೆ ಬಿಟ್ಟು, ದೋಟಿ ಹಿಡಿದು ಕಾದಳು. ಬೆಟ್ಟವನ್ನು ಸೀಳಲು ಬಂದವರಿಗೆ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳದೇ ಹೋದರೆ ಮುಂದಿನ ಮಳೆಗಾಲದ ಸಮಿತಿ ಸಭೆಯಲ್ಲಿ ಅವಳು ಕೇಳುವ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ: ಕಾಯಬೇಕಾದವರು ನಾವು ಮಾತ್ರವೋ?